ಬಸ್ಸಿನ ಮೊದಲ ಮೆಟ್ಟಿಲು

ಕಂಪನಿಯವರು ಎರಡು ವರ್ಷಕ್ಕೆ ಅಂತ ನನ್ನನ್ನು ಅಮೆರಿಕದ ಡೆನ್ವರ್‌ಗೆ ಕಳಿಸಿದ್ದರು. ಕಾರು ಕೊಳ್ಳುವ ಧೈರ್ಯ ಇನ್ನೂ ಬಂದಿರಲಿಲ್ಲ. ಹಾಗಾಗಿ ಮೊದಲ ಚಳಿಗಾಲ ಪೂರ್ತಿ ಕೋಲ್‌ಫ್ಯಾಕ್ಸ್ ರಸ್ತೆಯ 15ನೇ ನಂಬರ್ ಬಸ್ಸೇ ಗತಿ. ಒಂದು ಬೆಳಗ್ಗೆ ಹಿಮ ಬೀಳುತ್ತಿತ್ತು. ಸ್ಟಾಪಿನಲ್ಲಿ ವೀಲ್‌ಚೇರಿನಲ್ಲಿ ಕೂತ ಹೆಂಗಸೊಬ್ಬರು ಕಾಯ್ತಾ ಇದ್ದರು. ಬಸ್ಸು ಬಂತು, ಉಸ್ ಅಂತ ಗಾಳಿ ಬಿಟ್ಟಿತು, ಬಂಡಿ ಇಳಿಸುವಾಗ ಎತ್ತು ಮೊಣಕಾಲೂರುತ್ತಲ್ಲ ಹಾಗೆ ಬಾಗಿಲ ಕಡೆಗೆ ತಗ್ಗಿತು. ಒಳಗಿನಿಂದ ಒಂದು ಹಲಗೆ ಮಗುಚಿಕೊಂಡು ಫುಟ್‌ಪಾತಿಗೆ ಬಂದು ಕೂತಿತು. ಆಕೆ ತಾವೇ ಗಾಲಿ ಉರುಳಿಸಿಕೊಂಡು ಹತ್ತಿದರು. ಡ್ರೈವರ್ ಎದ್ದು ಬಂದು ಮುಂದಿನ ಸೀಟು ಮಡಚಿ, ಕುರ್ಚಿಗೆ ಬೆಲ್ಟು ಬಿಗಿದು, ವಾಪಸ್ ಹೋಗಿ ಕೂತ. ನಾಲ್ಕೈದು ನಿಮಿಷ ಹಿಡಿದಿರಬೇಕು. ಯಾರೂ ಗಡಿಯಾರ ನೋಡಲಿಲ್ಲ, ಯಾರೂ ಗೊಣಗಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆಕೆಯ ಕಡೆ ಯಾರೂ ತಿರುಗಿ ನೋಡಲೇ ಇಲ್ಲ. ಎವೆಯಿಕ್ಕದೆ ನೋಡುತ್ತಿದ್ದವನು ನಾನೊಬ್ಬನೇ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಇದನ್ನೇ ಹೇಳಿದೆ. "ಇಲ್ಲಿ ಮಂದಿ ಭಾಳ ಒಳ್ಳೇರವ್ವಾ, ನಮ್ಮೋರಂಗಲ್ಲ" ಅಂದೆ. ಪಕ್ಕದಲ್ಲಿ ಚಿಕ್ಕಪ್ಪ ಕೂತಿದ್ದ. ಫೋನ್ ಸ್ಪೀಕರಿನಲ್ಲಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಆ ಬಸ್ಸು ಮೊದ್ಲಿಂದ ಹಂಗ ಇತ್ತೇನು? ಇಲ್ಲಾ ಯಾರಾರ ಜಗಳ ಮಾಡಿ ಮಾಡಿಸ್ಕೊಂಡ್ರೋ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ಕೇಳುವ ಹಕ್ಕು ಮಾತ್ರ ಅವನಿಗೆ ಪೂರ್ತಿ ಇತ್ತು. ಎರಡು ವರ್ಷದ ಕೂಸಿದ್ದಾಗಲೇ ಪೋಲಿಯೋ ಅವನ ಬಲಗಾಲನ್ನು ತಿಂದು ಹಾಕಿದೆ. ನಮ್ಮೂರಿನಿಂದ ಸಿರುಗುಪ್ಪಕ್ಕೆ, ಸಿರುಗುಪ್ಪದಿಂದ ಬಳ್ಳಾರಿಗೆ ಅವನು ಓಡಾಡಿದ್ದೆಲ್ಲ ಬಸ್ಸಿನಲ್ಲೇ. ನಮ್ಮ ಬಸ್ಸುಗಳ ಮೊದಲ ಮೆಟ್ಟಿಲು ಅವನ ಮೊಣಕಾಲಿಗಿಂತ ಎತ್ತರ. ಹತ್ತುವುದಕ್ಕೆ ಅವನದ್ದೇ ಒಂದು ವಿದ್ಯೆ ಇದೆ. ಬಸ್ಸಿಗೆ ಬೆನ್ನು ಮಾಡಿ ನಿಂತು, ಎರಡೂ ಕೈ ಮೆಟ್ಟಿಲಿಗೆ ಊರಿ, ಒಂದೊಂದೇ ಮೆಟ್ಟಿಲು ಕೂತುಕೊಂಡು ಮೇಲೆ ಹೋಗುತ್ತಾನೆ. ಬಿಳಿ ಪಂಚೆ ಉಟ್ಟ ದಿನವೂ ಅಷ್ಟೇ.

ಆ ವಾರಾಂತ್ಯ ಕೋಲ್‌ಫ್ಯಾಕ್ಸ್ ಮತ್ತು ಬ್ರಾಡ್‌ವೇ ರಸ್ತೆಗಳು ಸೇರುವ ಮೂಲೆಯಲ್ಲಿ ಇಳಿದಾಗ ಒಂದು ಫಲಕ ಕಣ್ಣಿಗೆ ಬಿತ್ತು. ದಿನಾ ಅದರ ಮುಂದೆಯೇ ಹಾದುಹೋಗುತ್ತಿದ್ದೆ, ಓದಿರಲಿಲ್ಲ. ಅವತ್ತು ನಿಂತು ಓದಿದೆ. ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಅಲ್ಲಿತ್ತು.

1978ರ ಜುಲೈ 5ರಂದು ಹತ್ತೊಂಬತ್ತು ಜನ ಅದೇ ಮೂಲೆಯಲ್ಲಿ ಎರಡು ಬಸ್ಸುಗಳನ್ನು ಸುತ್ತುವರಿದಿದ್ದರು. ಹೆಚ್ಚಿನವರು ವೀಲ್‌ಚೇರಿನವರು. ಕೆಲವರು ಕುರ್ಚಿ ಬಿಟ್ಟು ಬಸ್ಸಿನ ಮುಂದೆ ಟಾರಿನ ಮೇಲೆಯೇ ಮಲಗಿದರು. ರಾತ್ರಿಯಿಡೀ ಬಸ್ಸು ಅಲ್ಲಾಡಲಿಲ್ಲ, ಅವರೂ ಏಳಲಿಲ್ಲ. ಅವರಲ್ಲಿ ಹಲವರು ಅಟ್ಲಾಂಟಿಸ್ ಅನ್ನುವ ಗುಂಪಿನವರು. ವೇಡ್ ಬ್ಲ್ಯಾಂಕ್ ಎಂಬ ಪಾದ್ರಿ 1975ರಲ್ಲಿ ಕಟ್ಟಿದ ಗುಂಪು ಅದು. ಮುದುಕರ ಜೊತೆ ನರ್ಸಿಂಗ್ ಹೋಮಿನಲ್ಲಿ ಕೊಳೆಯುತ್ತಿದ್ದ ಅಂಗವಿಕಲ ಯುವಕ ಯುವತಿಯರನ್ನು ಹೊರಗೆ ತಂದು ಸ್ವಂತ ಮನೆಗಳಲ್ಲಿ ಇರಿಸಿದ ಮನುಷ್ಯ. ಮನೆ ಸಿಕ್ಕಿತು. ಆದರೆ ಮನೆಯಿಂದ ಕೆಲಸಕ್ಕೆ, ಅಂಗಡಿಗೆ, ಸಿನಿಮಾಕ್ಕೆ ಹೋಗೋದು ಹೇಗೆ? ಊರಿನ ಸಾರಿಗೆ ಸಂಸ್ಥೆ ಲಿಫ್ಟ್ ಇಲ್ಲದ ಹೊಸ ಬಸ್ಸುಗಳನ್ನೇ ತರಿಸುತ್ತಿತ್ತು. ಕೋರ್ಟಿನಲ್ಲೂ ಇವರು ಸೋತರು. ಕೋರ್ಟು ಮುಗಿದ ಮೇಲೆ ಉಳಿದಿದ್ದು ರಸ್ತೆ.

ಫೋನಿನಲ್ಲಿ ಇದನ್ನು ಹೇಳಿದಾಗ ಚಿಕ್ಕಪ್ಪ ನಕ್ಕ. "ನಾನಂದಿಲ್ಲೇನು?" ಅಂದ.

ಅಲ್ಲಿಂದ ನಾನು ಇದರ ಹಿಂದೆ ಬಿದ್ದೆ. ಕೆದಕಿದಷ್ಟೂ 'ಒಳ್ಳೇ ಮಂದಿ' ಎಂಬ ನನ್ನ ಸಿದ್ಧಾಂತ ಉದುರುತ್ತಾ ಹೋಯಿತು.

1867ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ಒಂದು ನಿಯಮ ಮಾಡಿತು. ರೋಗದಿಂದಲೋ ಅಂಗಹೀನತೆಯಿಂದಲೋ ನೋಡಲು ಅಸಹ್ಯವಾಗಿ ಕಾಣುವವರು ಬೀದಿಯಲ್ಲಿ ಕಾಣಿಸಿಕೊಳ್ಳಬಾರದು, ಕಾಣಿಸಿಕೊಂಡರೆ ಅಪರಾಧ. 1881ರಲ್ಲಿ ಷಿಕಾಗೋ ಅಂಥದ್ದೇ ನಿಯಮ ತಂದಿತು. ಇನ್ನೂ ಹಲವು ಊರುಗಳು ಹಿಂಬಾಲಿಸಿದವು. ಚರಿತ್ರೆಕಾರರು ಇವನ್ನು 'ಕುರೂಪ ಕಾನೂನು'ಗಳು ಎಂದೇ ಕರೆಯುತ್ತಾರೆ. ಷಿಕಾಗೋ ತನ್ನ ಪುಸ್ತಕದಿಂದ ಅದನ್ನು ಅಳಿಸಿದ್ದು ಯಾವಾಗ ಗೊತ್ತಾ? 1974ರಲ್ಲಿ. ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಐದು ವರ್ಷ ಆದ ಮೇಲೂ ಆ ಊರಿನಲ್ಲಿ ಚಿಕ್ಕಪ್ಪನಂಥವನು ಬೀದಿಗಿಳಿಯುವುದು ಕಾಗದದ ಮೇಲಾದರೂ ತಪ್ಪಾಗಿತ್ತು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವರ್ಜೀನಿಯಾದ ಕ್ಯಾರಿ ಬಕ್ ಎಂಬ ಹುಡುಗಿಯ ಕೇಸಿನಲ್ಲಿ ತೀರ್ಪು ಕೊಟ್ಟಿತು. 'ಬುದ್ಧಿಮಾಂದ್ಯರು' ಎಂದು ಸರ್ಕಾರ ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದು ಎಂದಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಒಪ್ಪಿದರು. ಇಂಥ ಕಾನೂನುಗಳಡಿ ಆ ದೇಶದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಆ ಶಸ್ತ್ರಚಿಕಿತ್ಸೆ ಆಯಿತು. ಕ್ಯಾರಿ ಬಕ್‌ಗೆ ಬುದ್ಧಿಮಾಂದ್ಯವೇ ಇರಲಿಲ್ಲ ಎಂಬುದು ಆಮೇಲೆ ಹೊರಬಂದ ಸತ್ಯ.

ಅಂಥ ದೇಶದಲ್ಲಿ ಬಸ್ಸು ತಗ್ಗಿ ನಿಲ್ಲುವಂತಾದದ್ದು ಹೇಗೆ? ಅಂಗವಿಕಲರೇ ಮಾಡಿಸಿದರು. 1973ರ ಒಂದು ಕಾಯ್ದೆಯಲ್ಲಿ 504ನೇ ಕಲಮು ಎಂಬ ಒಂದೇ ವಾಕ್ಯ ಸೇರಿಕೊಂಡಿತ್ತು. ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ಭೇದ ಮಾಡಬಾರದು ಅಂತ ಅದರ ಸಾರ. ಆದರೆ ಅದನ್ನು ಜಾರಿ ಮಾಡುವ ನಿಯಮಕ್ಕೆ ನಾಲ್ಕು ವರ್ಷವಾದರೂ ಯಾರೂ ಸಹಿ ಹಾಕಲಿಲ್ಲ. 1977ರ ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡಕ್ಕೆ ನೂರಕ್ಕೂ ಹೆಚ್ಚು ಮಂದಿ ನುಗ್ಗಿ ಕೂತರು. ಮುಂದಾಳುಗಳಲ್ಲಿ ಒಬ್ಬಳು ಜೂಡಿ ಹ್ಯೂಮನ್. ಚಿಕ್ಕಪ್ಪನ ಹಾಗೆ ಆಕೆಗೂ ಎಳವೆಯಲ್ಲೇ ಪೋಲಿಯೋ. ವೀಲ್‌ಚೇರಿನಲ್ಲಿದ್ದಾಳೆ, ಬೆಂಕಿ ಬಿದ್ದರೆ ಅಪಾಯ ಅಂತ ಶಾಲೆಗೇ ಸೇರಿಸಿಕೊಂಡಿರಲಿಲ್ಲ. ಮುಂದೆ ಆಕೆ ಟೀಚರ್ ಆಗಲು ಹೋದಾಗಲೂ ಅಡ್ಡ ಬಂದರು, ಕೇಸು ಹಾಕಿ ಗೆದ್ದಳು. ಆ ಕಟ್ಟಡದಲ್ಲಿ ಇಪ್ಪತ್ತೈದು ದಿನಕ್ಕೂ ಹೆಚ್ಚು ಕಾಲ ಕೂತವರಲ್ಲಿ ಔಷಧಿ ಇಲ್ಲದೆ, ಹಾಸಿಗೆಯಲ್ಲಿ ಹೊರಳಿಸುವವರಿಲ್ಲದೆ ಇರಲಾರದವರೂ ಇದ್ದರು. ಊಟ ತಂದುಕೊಟ್ಟವರಲ್ಲಿ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಮುಖ್ಯರು. ಏಪ್ರಿಲ್ 28ಕ್ಕೆ ಸಹಿ ಬಿತ್ತು.

1990ರ ಮಾರ್ಚ್ 12ರಂದು ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ಹಲವರು ವೀಲ್‌ಚೇರು, ಊರುಗೋಲು ಬಿಟ್ಟು ಕೈಯೂರಿ ತೆವಳುತ್ತಾ ಮೆಟ್ಟಿಲು ಹತ್ತಿದರು. ಅವರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳಿದ್ದಳು. ಅದರ ಫೋಟೋ ನೋಡಿದಾಗ ನನಗೆ ಸಿರುಗುಪ್ಪದ ಬಸ್‌ಸ್ಟ್ಯಾಂಡೇ ಕಂಡಿತು. ಚಿಕ್ಕಪ್ಪ ನಲವತ್ತು ವರ್ಷದಿಂದ ಮಾಡುತ್ತಿರುವುದನ್ನು ಅವರು ಒಂದು ದಿನ ಕ್ಯಾಮೆರಾ ಮುಂದೆ ಮಾಡಿದ್ದರು. ಅದೇ ವರ್ಷ ಜುಲೈ 26ಕ್ಕೆ ಅಲ್ಲಿನ ಅಂಗವಿಕಲರ ಹಕ್ಕಿನ ಕಾಯ್ದೆಗೆ ಅಧ್ಯಕ್ಷರ ಸಹಿಯಾಯಿತು. ಬಸ್ಸಿನಲ್ಲಿ ಯಾರೂ ಗೊಣಗದಿದ್ದುದು ಸ್ವಭಾವದಿಂದಲ್ಲ, ಅಭ್ಯಾಸದಿಂದ. ಒಂದು ಇಡೀ ಪೀಳಿಗೆ ಆ ನಾಲ್ಕು ನಿಮಿಷ ಕಾಯುತ್ತಲೇ ಬೆಳೆದಿದೆ.

ಹಾಗಾದರೆ ನಮ್ಮ ಕಡೆಯ ಕತೆ ಏನು?

ಬಳ್ಳಾರಿ ಸೀಮೆಯಲ್ಲಿ ಸರ್ಕಾರ ಅನ್ನುವುದು ಅಂಗವಿಕಲರನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಎರಡು ಕಾರಣಕ್ಕೆ, ಬರ ಮತ್ತು ಜನಗಣತಿ. ನಮ್ಮ ಅಜ್ಜಂದಿರ ಬಾಯಲ್ಲಿ ಧಾತು ಬರ ಎಂದು ಉಳಿದಿರುವ 1876–78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳ ಪೈಕಿ ಬಳ್ಳಾರಿ ಅತಿ ಹೆಚ್ಚು ನರಳಿದವುಗಳಲ್ಲಿ ಒಂದು. ಬ್ರಿಟಿಷರ ಲೆಕ್ಕದಲ್ಲಿ ಜನ ಎರಡೇ ಜಾತಿ. ಕಲ್ಲು ಒಡೆಯಲು, ಮಣ್ಣು ಹೊರಲು ಆಗುವವರು ಒಂದು, ಆಗದವರು ಇನ್ನೊಂದು. ಆಗುವವರಿಗೆ ಕೂಲಿ, ಆಗದವರಿಗೆ ಧರ್ಮಾರ್ಥ ಗಂಜಿ. ಆ ಬರದ ಪಾಠದಿಂದ ಮುಂದೆ ಬರೆದ ಕ್ಷಾಮ ಸಂಹಿತೆಗಳಲ್ಲೂ ಇದೇ ಗೆರೆ ಉಳಿಯಿತು. ಕುಂಟರು, ಕುರುಡರು ಸರ್ಕಾರದ ಕಾಗದದಲ್ಲಿ ಕಾಲಿಟ್ಟದ್ದೇ 'ಕೈಲಾಗದವರು' ಎಂಬ ಹೆಸರಿನಲ್ಲಿ. ಇವತ್ತಿಗೂ ಪಿಂಚಣಿ ಕಚೇರಿಯಲ್ಲಿ ಕೇಳುವ ಮೊದಲ ಪ್ರಶ್ನೆ 'ಎಷ್ಟು ಪರ್ಸೆಂಟು' ಅಂತಲೇ ಅಲ್ಲವಾ?

ಬ್ರಿಟಿಷರ ಜನಗಣತಿ 1931ರ ತನಕ 'ನ್ಯೂನತೆ'ಗಳನ್ನು ಎಣಿಸುತ್ತಿತ್ತು. ಬುದ್ಧಿ ಕೆಟ್ಟವರು, ಕಿವುಡ-ಮೂಗರು, ಕುರುಡರು, ಕುಷ್ಠರೋಗಿಗಳು ಹೀಗೆ ನಾಲ್ಕು. ಕಾಲಿಲ್ಲದವರು ಆ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ಎಣಿಕೆಯೇ ನಿಂತಿತು. 1981ರಲ್ಲಿ ಒಮ್ಮೆ ಎಣಿಸಿದರು, 1991ರಲ್ಲಿ ಬಿಟ್ಟರು, ಅಂಗವಿಕಲರ ಸಂಘಟನೆಗಳು ಹಟ ಹಿಡಿದ ಮೇಲೆ 2001ರಿಂದ ಮತ್ತೆ ಶುರು ಮಾಡಿದರು. 2011ರ ಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13 ಲಕ್ಷ. ಮನೆ ಬಾಗಿಲಿಗೆ ಬಂದವರ ಮುಂದೆ 'ನಮ್ಮಲ್ಲಿ ಅಂಥೋರು ಯಾರಿಲ್ಲ' ಅಂದವರ ಮನೆಗಳನ್ನು ಇದಕ್ಕೆ ನೀವೇ ಸೇರಿಸಿಕೊಳ್ಳಿ.

ಶಾಲೆಯ ವಿಷಯಕ್ಕೆ ಬಂದರೆ, ಮೈಸೂರಿನಲ್ಲಿ ಕುರುಡ ಮತ್ತು ಕಿವುಡ ಮಕ್ಕಳ ಶಾಲೆ 1901ರಲ್ಲೇ ಶುರುವಾಯಿತು. ಅದು ಮಹಾರಾಜರ ಮೈಸೂರು. ನಮ್ಮದು ಮದ್ರಾಸಿಗೆ ಸೇರಿದ ಬಳ್ಳಾರಿ, ಮೈಸೂರು ರಾಜ್ಯಕ್ಕೆ ಬಂದು ಸೇರಿದ್ದು 1953ರ ಅಕ್ಟೋಬರ್ 1ರಂದು. ಮದ್ರಾಸ್ ಪ್ರಾಂತ್ಯದ ಹೆಸರಾಂತ ಕುರುಡ ಮಕ್ಕಳ ಶಾಲೆ ಇದ್ದದ್ದು ತಿರುನೆಲ್ವೇಲಿ ಪಕ್ಕದ ಪಾಳಯಂಕೋಟೆಯಲ್ಲಿ. ಸಿರುಗುಪ್ಪದ ಕುರುಡ ಹುಡುಗನಿಗೆ ಅದು ಲಂಡನ್ನಿನಷ್ಟೇ ದೂರ, ಭಾಷೆಯೂ ಬೇರೆ.

ಹಾಗಂತ ನಮ್ಮ ಸೀಮೆಗೆ ಬಾಗಿಲೇ ಇರಲಿಲ್ಲ ಅಂತಲ್ಲ. ಒಂದು ಬಾಗಿಲಿತ್ತು, ಅದು ಗದಗಿನಲ್ಲಿತ್ತು.

ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಕುರುಡ ಹುಡುಗ ಹಾನಗಲ್ ಕುಮಾರಸ್ವಾಮಿಗಳ ಕಣ್ಣಿಗೆ ಬಿದ್ದ. ಸ್ವಾಮಿಗಳು ಅವನಿಗೂ, ಕುರುಡನೇ ಆಗಿದ್ದ ಅವನ ಅಣ್ಣನಿಗೂ ಸಂಗೀತ ಕಲಿಸಿದರು. ಆ ಹುಡುಗನೇ ಪಂಚಾಕ್ಷರಿ ಗವಾಯಿ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡನ್ನೂ ಕರಗತ ಮಾಡಿಕೊಂಡ ಅವರು ಕುರುಡರಿಗೆ, ಅನಾಥರಿಗೆ ಅನ್ನ ಮತ್ತು ವಿದ್ಯೆ ಕೊಡುವ ವೀರೇಶ್ವರ ಪುಣ್ಯಾಶ್ರಮ ಕಟ್ಟಿದರು. ಮೊದಲು ಊರೂರು ತಿರುಗುತ್ತಿದ್ದ ಆ ಆಶ್ರಮ ಕೊನೆಗೆ ಗದಗಿನಲ್ಲಿ ನೆಲೆ ನಿಂತಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿ ಅದನ್ನು ಹೊತ್ತರು. ಕೂಸಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಬರೆದರು, ನಾಟಕ ಕಂಪನಿ ನಡೆಸಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೋದರು. ಬಸವರಾಜ ರಾಜಗುರು ಅವರಂಥ ಕಣ್ಣಿದ್ದ ದೊಡ್ಡ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು ಎಂಬುದನ್ನು ಗಮನಿಸಿ. ಅಲ್ಲಿ ಕುರುಡ ಕೊಡುವವನಾಗಿದ್ದ, ಕಣ್ಣಿದ್ದವನು ಕೈಯೊಡ್ಡಿದ್ದ.

ನಮ್ಮ ಕಡೆ ಶ್ರಾವಣದಲ್ಲಿ ಗುಡಿಯಲ್ಲಿ ತಿಂಗಳಿಡೀ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಪುರಾಣ ಹೇಳಿದರೆ ಹಾಡುವುದಕ್ಕೆ, ತಬಲಾ ನುಡಿಸುವುದಕ್ಕೆ ಗದಗಿನಲ್ಲಿ ಕಲಿತವರು ಬರುತ್ತಿದ್ದರು. ನಾನು ಸಣ್ಣವನಿದ್ದಾಗ ಬರುತ್ತಿದ್ದ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರನ್ನು ಕೈಹಿಡಿದು ಗುಡಿಗೆ ಕರೆತರುವುದು ನನ್ನ ಪಾಳಿ. ಊರ ಗೌಡರಿಂದ ಹಿಡಿದು ಎಲ್ಲರೂ ಅವರಿಗೆ 'ಗವಾಯಿಗಳು ಬರ್ರಿ' ಅನ್ನುತ್ತಿದ್ದರು. ಒಬ್ಬರೂ ಕುರುಡ ಅನ್ನಲಿಲ್ಲ. ಅದೇ ಜಗುಲಿಯ ತುದಿಗೆ ಕೂತಿದ್ದ ಚಿಕ್ಕಪ್ಪನಿಗೆ ಮಾತ್ರ ಅದೇ ಜನ 'ಏ ಕುಂಟಾ, ಅತ್ತಾಗ ಸರಿಯೋ' ಅನ್ನುತ್ತಿದ್ದರು. ಹಾರ್ಮೋನಿಯಂ ಬಂದರೆ ಗವಾಯಿ, ಬರದಿದ್ದರೆ ಕುಂಟ. ಬಾಗಿಲೊಂದಿತ್ತು ನಿಜ, ಸ್ವರಜ್ಞಾನ ಇದ್ದವರಿಗೆ ಮಾತ್ರ.

ಚಿಕ್ಕಪ್ಪನ ಕಾಲಿನ ಬಗ್ಗೆ ಊರಲ್ಲಿ ಮೂರು ವಿವರಣೆ ಇದ್ದವು. ಗ್ರಹಣದ ದಿನ ಅಜ್ಜಿ ಹೊರಗೆ ಬಂದಿದ್ದಳು ಅನ್ನುವುದು ಒಂದು. ಹಿಂದಿನ ಜನ್ಮದ್ದು ಅನ್ನುವುದು ಎರಡನೆಯದು. ಜ್ವರ ಬಂದಾಗ ಸೂಜಿ ಹಾಕಿಸಿದ್ದಕ್ಕೇ ಕಾಲು ಹೋಯಿತು ಅನ್ನುವುದು ಮೂರನೆಯದು. ಮೂಢನಂಬಿಕೆ ಅಂತ ನಾನು ಮೂರನ್ನೂ ತಳ್ಳಿಹಾಕುತ್ತಿದ್ದೆ. ಆಮೇಲೆ ಓದಿದರೆ ಮೂರನೆಯದರಲ್ಲಿ ಹುರುಳಿದೆ. ಪೋಲಿಯೋ ವೈರಸ್ಸು ಮೈಯಲ್ಲಿರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಆ ಅಂಗಕ್ಕೆ ಲಕ್ವ ಹೊಡೆಯುವ ಸಾಧ್ಯತೆ ಹೆಚ್ಚು ಎಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಅಜ್ಜಿಗೆ ಡಾಕ್ಟರರಿಗಿಂತ ಹೆಚ್ಚು ಗೊತ್ತಿತ್ತು ಅಂತಲ್ಲ. ಅವಳು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದಳು, ನಾವು ಬಿಇ ಓದಿದವರು ಕೇಳಿಸಿಕೊಳ್ಳಲಿಲ್ಲ. ದೇಶದ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡಿತು. ಚಿಕ್ಕಪ್ಪನದು ಆ ರೋಗ ಕಂಡ ಕೊನೆಯ ಪೀಳಿಗೆಗಳಲ್ಲಿ ಒಂದು.

ಅವನಿಗೆ ಸರ್ಕಾರದಿಂದ ಸಿಕ್ಕ ದೊಡ್ಡ ವಸ್ತು ಒಂದು ಎಸ್‌ಟಿಡಿ ಬೂತು. ತೊಂಬತ್ತರ ದಶಕದಲ್ಲಿ ಟೆಲಿಫೋನ್ ಇಲಾಖೆ ಬೂತುಗಳನ್ನು ಹಂಚುವಾಗ ಅಂಗವಿಕಲರಿಗೆ ಆದ್ಯತೆ ಕೊಡುತ್ತಿತ್ತು. ಸಿರುಗುಪ್ಪದಲ್ಲಿ ಹಳದಿ ಬೋರ್ಡಿನ ಗೂಡು. ಒಳಗೆ ಚಿಕ್ಕಪ್ಪ, ಕೆಂಪು ಅಂಕಿ ಓಡುವ ಮೀಟರು, ಹೊರಗೆ ರಾತ್ರಿ ರೇಟು ಇಳಿಯುವುದನ್ನು ಕಾಯುವ ಜನ. ಬೆಂಗಳೂರಿಗೆ ದುಡಿಯಲು ಹೋದವರ, ಭತ್ತದ ರೇಟು ಕೇಳುವವರ, ಗಂಡು ಒಪ್ಪಿದನೋ ಇಲ್ಲವೋ ಎಂದು ತಿಳಿಯಲು ಬಂದವರ ಮಾತೆಲ್ಲ ಅವನ ಕಿವಿ ದಾಟಿಯೇ ಹೋಗಬೇಕು. ಆದರೂ ಜನರ ಬಾಯಲ್ಲಿ ಅದು 'ಕುಂಟನ ಬೂತು'. ಆ ಬೂತಿನ ದುಡ್ಡಿನಲ್ಲೇ ನಾನು ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದಿದ್ದು. ಅಪ್ಪ ಅಷ್ಟೊತ್ತಿಗೆ ಇರಲಿಲ್ಲ.

ಕಾಲೇಜು ಸೇರುವಾಗ ಹಾಸ್ಟೆಲ್ ಅರ್ಜಿಯಲ್ಲಿ ಪೋಷಕರ ಹೆಸರು ಅಂತ ಒಂದು ಗೆರೆ ಇತ್ತು. ಪೆನ್ನು ಹಿಡಿದವನು ಅಲ್ಲೇ ನಿಂತುಬಿಟ್ಟೆ. ಅವನ ಹೆಸರು ನನಗೆ ಗೊತ್ತಿರಲಿಲ್ಲ. ಹದಿನೇಳು ವರ್ಷ ಒಂದೇ ಸೂರಿನಡಿ ಬೆಳೆದು, ಅವನ ದುಡ್ಡಿನಲ್ಲಿ ಫೀಸು ಕಟ್ಟಲು ಬಂದು, ಅವನ ಹೆಸರೇನು ಅಂತ ಅವನ ಬೂತಿಗೇ ಫೋನ್ ಮಾಡಿ ಅವನನ್ನೇ ಕೇಳಿದೆ. ಹೇಳಿದ. ಬೇಜಾರು ಮಾಡಿಕೊಳ್ಳಲಿಲ್ಲ. "ಸ್ಪೆಲ್ಲಿಂಗ್ ಸರಿಯಾಗಿ ಬರಿ" ಅಂದ, ಅಷ್ಟೆ. ಈ ಬರಹದಲ್ಲಿ ಆ ಹೆಸರು ಬರೆಯೋಣವೆಂದು ಕೇಳಿದರೆ ಬೇಡ ಅಂದಿದ್ದಾನೆ. ಓದಿದವರು ಪಾಪ ಅನ್ನುತ್ತಾರಂತೆ, ಅದು ಅವನಿಗೆ ಆಗಿಬರುವುದಿಲ್ಲ.

ಕೈಕೈಗೆ ಮೊಬೈಲ್ ಬಂದ ಮೇಲೆ ಬೂತು ಸತ್ತಿತು. ನಾನು ಸಾಫ್ಟ್‌ವೇರಿಗೆ ಸೇರಿದ್ದೂ ಆಗಲೇ.

ನಮ್ಮ ದೇಶದಲ್ಲಿ ಬಸ್ಸಿನ ಮುಂದೆ ಮಲಗಿದವರು ಇಲ್ಲವಾ? ಇದ್ದಾರೆ, ಅವರ ಹೆಸರು ನಮ್ಮ ಪಠ್ಯದಲ್ಲಿಲ್ಲ ಅಷ್ಟೆ. ಹುಟ್ಟಿನಿಂದ ಬೆನ್ನುಹುರಿಯ ತೊಂದರೆ ಇದ್ದ, ವೀಲ್‌ಚೇರಿನಲ್ಲೇ ಓಡಾಡುತ್ತಿದ್ದ ಜಾವೇದ್ ಅಬಿದಿ ಮತ್ತು ಸಂಗಾತಿಗಳು ದಿಲ್ಲಿಯಲ್ಲಿ ಬೀದಿಗಿಳಿದು ಒತ್ತಡ ಹಾಕಿದ್ದರಿಂದಲೇ 1995ರ ಡಿಸೆಂಬರಿನಲ್ಲಿ ಅಂಗವಿಕಲರ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಸ್ವಾತಂತ್ರ್ಯ ಬಂದು ನಲವತ್ತೆಂಟು ವರ್ಷದ ಮೇಲೆ. ವಿಮಾನ ಹತ್ತಲು ಲಿಫ್ಟ್ ಬೇಕೆಂದು ಅದೇ ಅಬಿದಿ ಸುಪ್ರೀಂ ಕೋರ್ಟಿಗೂ ಹೋದರು. 1995ರ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನು ಗುರುತಿಸಿ ಸರ್ಕಾರಿ ಕೆಲಸದಲ್ಲಿ ಶೇಕಡಾ 3ರ ಮೀಸಲು ಇಟ್ಟಿತು. 2016ರ ಹೊಸ ಕಾಯ್ದೆ ಅದನ್ನು 21 ಬಗೆಗೆ, ಶೇಕಡಾ 4ಕ್ಕೆ ಏರಿಸಿತು. ಈ ನಡುವೆ ಪದಗಳೂ ಬದಲಾದವು: ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ. ಚಿಕ್ಕಪ್ಪನನ್ನು ಕೇಳಿದರೆ, "ಹೆಸರು ನಾಕು ಸಲ ಬದ್ಲು ಮಾಡ್ಯಾರ, ಮೆಟ್ಲು ಒಂದ್ಸಲಾನೂ ಮಾಡಿಲ್ಲ" ಅನ್ನುತ್ತಾನೆ.

21ರ ಪಟ್ಟಿಯಲ್ಲಿ ಹೊಸದಾಗಿ ಬಂದವುಗಳಲ್ಲಿ ಆಟಿಸಂ ಒಂದು. ಇದನ್ನು ಹೇಳುವಾಗ ಡೆನ್ವರ್‌ನ ಒಂದು ಕನ್ನಡ ಮನೆ ನೆನಪಾಗುತ್ತದೆ. ಗಂಡ ಕುರುಗೋಡು ಕಡೆಯವನು, ಹೆಂಡತಿ ಬಳ್ಳಾರಿ ಪೇಟೆಯಲ್ಲಿ ಬೆಳೆದವಳು. ನನ್ನ ಭಾಷೆ ಕೇಳಿದ್ದೇ ತಡ ಮನೆಗೆ ಕರೆದು ರೊಟ್ಟಿ, ಶೇಂಗಾ ಚಟ್ನಿ ಬಡಿಸಿದವರು. ಅವರ ಮಗನಿಗೆ ಆರು ವರ್ಷ, ಆಟಿಸಂ. ಮಾತು ಕಡಿಮೆ, ಗದ್ದಲ ಆಗದು.

ಅಲ್ಲಿನ ಶಾಲೆಯಲ್ಲಿ ಅವನಿಗೊಬ್ಬ ಸಹಾಯಕಿ, ಮಾತಿನ ಥೆರಪಿ, ಅವನಿಗೆಂದೇ ಬರೆದ ವರ್ಷದ ಯೋಜನೆ. ಇದೂ ದಾನವಲ್ಲ. ಪೆನ್ಸಿಲ್ವೇನಿಯಾದ ತಾಯ್ತಂದೆಯರು 1971ರಲ್ಲಿ ಕೋರ್ಟಿಗೆ ಹೋಗಿದ್ದರಿಂದ ಶುರುವಾದ ಹೋರಾಟ 1975ರಲ್ಲಿ ಕಾಯ್ದೆಯಾಗಿ ಬಂತು. ಅದಕ್ಕೆ ಮುಂಚೆ ಆ ದೇಶದಲ್ಲಿ ಸುಮಾರು ಹತ್ತು ಲಕ್ಷ ಅಂಗವಿಕಲ ಮಕ್ಕಳನ್ನು ಶಾಲೆಯೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

ಶಾಲೆಯಲ್ಲಿ ಎಲ್ಲ ಸರಿ. ಕಷ್ಟ ಇದ್ದದ್ದು ನಮ್ಮವರ ನಡುವೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಆ ಹುಡುಗ ಮೈಕಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚಿದ. ಆಮೇಲೆ ಊಟದ ಸಾಲಿನಲ್ಲಿ ಸಲಹೆಗಳ ಸುರಿಮಳೆ. "ಟಿವಿ ಜಾಸ್ತಿ ತೋರಿಸಿದ್ರಾ?" "ಇಂಡಿಯಾಕ್ಕೆ ಹೋದಾಗ ಒಂದು ಹರಕೆ ಕಟ್ಟಿ." "ಮನೇಲಿ ಕನ್ನಡ ಮಾತಾಡ್ತೀರಲ್ಲ, ಅದಕ್ಕೇ ಕನ್‌ಫ್ಯೂಸ್ ಆಗಿದೆ." ಹೇಳಿದವರೆಲ್ಲ ಎಂಎಸ್, ಪಿಎಚ್‌ಡಿ ಮಾಡಿದವರು. ಬಸ್ಸಿನಲ್ಲಿ ವೀಲ್‌ಚೇರಿಗೆ ಜಾಗ ಬಿಟ್ಟು ನಿಲ್ಲುವವರೂ ಇವರೇ. ಬಸ್ಸಿನಲ್ಲಿ ಕಲಿತದ್ದು ಊಟದ ಸಾಲಿನ ತನಕ ಬಂದಿರಲಿಲ್ಲ.

ಕೊನೆಯ ಮಾತು ಆ ತಾಯಿಗೆ ನಾಟಿಬಿಟ್ಟಿತು. ಎರಡು ವರ್ಷ ಮಗನೊಡನೆ ಒಂದು ಕನ್ನಡ ಶಬ್ದ ಆಡಲಿಲ್ಲವಂತೆ. ಎರಡು ಭಾಷೆಯಿಂದ ಇಂಥ ಮಕ್ಕಳಿಗೆ ಹಾನಿಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಅಜ್ಜಿಯ ಜೊತೆ ಮೊಮ್ಮಗನಿಗೆ ಇದ್ದ ಒಂದೇ ಸೇತುವೆ ಮುರಿದಿತ್ತು. ಊರಿನವರಿಗೆ ವಿಷಯ ತಿಳಿಸಿರಲೂ ಇಲ್ಲ. ಹುಡುಗ ಮಲಗಿದ ಮೇಲೆ ವಿಡಿಯೋ ಕಾಲ್, "ಈಗಷ್ಟೇ ಮಲಗಿದ ನೋಡ್ರಿ" ಅಂತ. ನಾಲ್ಕು ವರ್ಷ ಹೀಗೇ.

ಕಡೆಗೆ ಧೈರ್ಯ ಮಾಡಿ ಕುರುಗೋಡು ದೊಡ್ಡಬಸವೇಶ್ವರನ ತೇರಿಗೆ ಕರೆದುಕೊಂಡು ಬಂದರು. ನಡೆದದ್ದನ್ನು ಗೆಳೆಯ ಆಮೇಲೆ ಹೇಳಿದ. ಡೊಳ್ಳು, ಪಟಾಕಿ, ಜನ. ಹುಡುಗ ಬೀದಿಯಲ್ಲೇ ಕೂತು ಚೀರತೊಡಗಿದ. ಸುತ್ತ ಮಂದಿ ಕೂಡಿತು. ಅಜ್ಜಿ ಅವನನ್ನು ಸೆರಗಿನಲ್ಲಿ ಮುಚ್ಚಿ ಎತ್ತಿಕೊಂಡು ಒಂದು ಓಣಿಯೊಳಗೆ ನಡೆದಳು. ಏನಾಗೈತಿ ಕೂಸಿಗೆ ಅಂತ ಬೆನ್ನುಬಿದ್ದ ನೆರೆಯವಳಿಗೆ ತಿರುಗಿ ಹೇಳಿದಳಂತೆ, "ಅವ್ನಿಗೆ ಗದ್ಲ ಆಗಂಗಿಲ್ಲ. ಅಷ್ಟ. ನಿನಗ ಬಿಸ್ಲು ಆಗಂಗಿಲ್ಲಲ್ಲ, ಹಂಗ." ಅವತ್ತೇ ಮೊದಲು ಅವಳು ಮೊಮ್ಮಗನನ್ನು ಎಚ್ಚರದಲ್ಲಿ ಸರಿಯಾಗಿ ನೋಡಿದ್ದು.

"ಹಂಗಾದ್ರ ವಾಪಸ್ ಬಂದ್ಬಿಡ್ರಲ್ಲ" ಅಂದೆ. ಗೆಳೆಯ ಹೇಳಿದ, "ಅವ್ವನ ಮನಸು ಐತಿ. ಆದ್ರ ಕುರುಗೋಡಿನ್ಯಾಗ ಇವ್ನಿಗೆ ದಿನಾ ಕಲ್ಸೋರು ಯಾರದಾರ? ಎಲ್ರೂ ನಾವು ಡಾಲರಿಗೆ ಕುಂತೀವಿ ಅಂತಾರ. ನಾವು 1975ರ ಒಂದು ಕಾನೂನಿಗೆ ಕುಂತೀವಿ." ಅಲ್ಲಿ ಕಾನೂನಿದೆ, ಅಜ್ಜಿ ಇಲ್ಲ. ಇಲ್ಲಿ ಅಜ್ಜಿ ಇದ್ದಾಳೆ, 2016ರ ಕಾನೂನು ಇನ್ನೂ ಓಣಿಗೆ ಬಂದಿಲ್ಲ.

ನನ್ನದೂ ಒಂದು ಒಪ್ಪಿಸಿಬಿಡುತ್ತೇನೆ. ಡೆನ್ವರ್‌ನಲ್ಲಿ ನಮ್ಮ ತಂಡದ ಟೆಸ್ಟರ್ ಒಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ. ಸ್ಕ್ರೀನ್ ರೀಡರ್ ಓದಿ ಹೇಳಿದ್ದನ್ನು ಕೇಳಿ ಕೆಲಸ ಮಾಡುತ್ತಿದ್ದರು. ನಾನು ಬರೆದ ಪೇಜನ್ನು ಒಮ್ಮೆ ಜೋರಾಗಿ ಕೇಳಿಸಿದರು. ಅದು 'ಬಟನ್, ಬಟನ್, ಬಟನ್' ಅನ್ನುತ್ತಾ ಹೋಯಿತು. ಯಾವ ಬಟನ್ನಿಗೂ ನಾನು ಹೆಸರು ಕೊಟ್ಟಿರಲಿಲ್ಲ. ಕೊಡಲು ಹಿಡಿಯುವುದು ಒಂದು ಸಾಲು ಕೋಡು. ಅದಕ್ಕೂ ಮುಂಚೆ ಎರಡು ಸಲ ಅದೇ ದೂರು ಬಂದಿತ್ತು, 'ತುರ್ತಿಲ್ಲ' ಅಂತ ಗುರುತು ಹಾಕಿ ಪಕ್ಕಕ್ಕಿಟ್ಟವನು ನಾನೇ. ಪೋಷಕರ ಹೆಸರಿನ ಗೆರೆಯ ಮುಂದೆ ನಿಂತಿದ್ದ ಹುಡುಗ ಇನ್ನೂ ಅಲ್ಲೇ ಇದ್ದ.

ಹೋದ ಸಲ ಊರಿಗೆ ಹೋದಾಗ ಅಂಗವಿಕಲರ ಗುರುತಿನ ಚೀಟಿಯ ಕೆಲಸಕ್ಕೆ ಚಿಕ್ಕಪ್ಪನ ಜೊತೆ ಸಿರುಗುಪ್ಪದಿಂದ ಬಳ್ಳಾರಿಗೆ ಹೊರಟೆ. ಕಾರು ಮಾಡೋಣ ಅಂದರೆ ಕೇಳಲಿಲ್ಲ. ಪಾಸು ಐತಿ, ಬಸ್ಸಿಗೇ ಹೋಗಾಣು ಅಂದ. ಬಸ್ಸು ಬಂತು, ಜನ ನುಗ್ಗಿದರು. ಅವನು ಎಂದಿನಂತೆ ಬೆನ್ನು ಮಾಡಿ ನಿಂತು ಮೆಟ್ಟಿಲಿಗೆ ಕೈಯೂರಿದ. ಈಗ ಅರವತ್ತು ದಾಟಿದೆ, ತೋಳು ನಡುಗುತ್ತಿತ್ತು. ನಾನು ಬಗ್ಗಿ ಎತ್ತಲು ಹೋದೆ.

"ಕೈ ಬ್ಯಾಡ" ಅಂದ. "ಎರಡ್ ನಿಮಿಷ ನಿಲ್ಸು ಅನ್ನು ಆತಗ."

ನಾನು ಹೋಗಿ ಕಂಡಕ್ಟರಿಗೆ ಹೇಳಿದೆ. ಆತ ನನ್ನನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ ಸೀಟಿ ಕೆಳಗಿಳಿಸಿದ. ಹಿಂದಿನ ಸೀಟಿನಿಂದ ಒಬ್ಬ "ಏ ಹೋಗ್ಲಪ್ಪಾ, ಟೈಮಾತು" ಅಂದ. ನಾನು ಬಾಗಿಲಿನಲ್ಲೇ ನಿಂತಿದ್ದೆ. ಚಿಕ್ಕಪ್ಪ ಒಂದು ಮೆಟ್ಟಿಲು ಹತ್ತಿ ಉಸಿರು ತಗೊಂಡ, ಎರಡನೆಯದು ಹತ್ತಿದ, ಮೂರನೆಯದು ಹತ್ತಿದ. ಕಂಬಿ ಹಿಡಿದು ಎದ್ದು, ಪಂಚೆಯ ಹಿಂಬದಿಯ ಧೂಳು ಕೊಡವಿಕೊಂಡು, ಅಂಗವಿಕಲರಿಗೆ ಎಂದು ಬರೆದಿದ್ದ ಸೀಟಿನಲ್ಲಿ ಕೂತಿದ್ದ ಹುಡುಗನ ಮುಂದೆ ಹೋಗಿ ನಿಂತ. ಹುಡುಗ ಫೋನಿನಿಂದ ತಲೆಯೆತ್ತಿ ನೋಡಿ ಎದ್ದ. ಚಿಕ್ಕಪ್ಪ ಕೂತು, ಜೇಬಿನಿಂದ ಪಾಸು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಹೂಂ, ಈಗ ಬಿಡ್ರಿ" ಅಂದ.